ರಾಜ ಆಳಿದಳು

ಕೆಲವು ವರ್ಷಗಳ ಹಿಂದೆ ಮಕ್ಕಳ ಪತ್ರಿಕೆಯೊಂದಕ್ಕೆ ಪ್ರಾಚೀನ ಈಜಿಪ್ಟಿನ ಬಗ್ಗೆ ಲೇಖನವೊಂದನ್ನು ಬರೆದುಕೊಟ್ಟಿದ್ದೆ. ಅದರಲ್ಲಿ ಒಂದು ವಾಕ್ಯ ಹೀಗಿತ್ತು: "ರಾಜ ಹತ್ಶೆಪ್ಸುತ್ 20 ವರ್ಷಗಳಿಗೂ ಹೆಚ್ಚು ಕಾಲ ಈಜಿಪ್ಟನ್ನು ಆಳಿದಳು." ಕರಡಚ್ಚು ಮನೆಗೆ ಬಂದಾಗ "ರಾಜ" ಎಂಬ ಪದದ ಮೇಲೆ ಕೆಂಪು ಗೀಟು ಬಿದ್ದಿತ್ತು. ಅದರ ನೆತ್ತಿಯ ಮೇಲೆ, ಹಳೆಯ ಕಾಲದ ಮೇಷ್ಟರುಗಳ ದುಂಡನೆಯ ಅಕ್ಷರದಲ್ಲಿ, "ರಾಣಿ" ಎಂದು ಬರೆದಿತ್ತು. ಅಂಚಿನಲ್ಲಿ ಇನ್ನೊಂದು ಟಿಪ್ಪಣಿ: "ಲಿಂಗ ಹೊಂದುವುದಿಲ್ಲ." ನಾನು ಕರಡು ತಿದ್ದುವ ಹಿರಿಯರಿಗೆ ಫೋನ್ ಮಾಡಿದೆ. ನಿವೃತ್ತ ಕನ್ನಡ ಅಧ್ಯಾಪಕರು, ನನ್ನ ತಂದೆಯ ವಯಸ್ಸಿನವರು. "ಸರ್, ಅದು ಕೈತಪ್ಪಲ್ಲ, ಬೇಕೆಂದೇ ಹಾಗೆ ಬರೆದದ್ದು" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಮ್ಮಾ, ಓದುವವರು ಮಕ್ಕಳು. ರಾಜ ಆಳಿದಳು ಅಂತ ಅಚ್ಚು ಹಾಕಿದರೆ ಅವರು ತಪ್ಪು ಕನ್ನಡ ಕಲಿಯುತ್ತಾರೆ. ರಾಜ ಆಳಿದನು, ಇಲ್ಲವೇ ರಾಣಿ ಆಳಿದಳು. ಎರಡರಲ್ಲಿ ಒಂದು ಮಾಡಿ" ಎಂದರು.

ಅವರು ಹೇಳಿದ್ದರಲ್ಲಿ ವ್ಯಾಕರಣದ ತಪ್ಪೇನೂ ಇರಲಿಲ್ಲ. ಕರ್ತರಿ ಪ್ರಯೋಗದಲ್ಲಿ ಕ್ರಿಯಾಪದವು ಕರ್ತೃವಿನ ಲಿಂಗವಚನಗಳನ್ನು ಅನುಸರಿಸಬೇಕೆಂಬುದನ್ನು ನಾನೂ ಪ್ರಾಥಮಿಕ ಶಾಲೆಯಲ್ಲಿ ಸ್ಲೇಟಿನ ಮೇಲೆ ಬರೆದು ಕಲಿತವಳು. ಲೇಖನ "ರಾಣಿ" ಎಂದೇ ಅಚ್ಚಾಯಿತು, ನಾನೂ ಒಪ್ಪಿಕೊಂಡೆ. ಆದರೆ ಆ ಕೆಂಪು ಗೀಟು ನನ್ನನ್ನು ಬಿಡಲಿಲ್ಲ. ಏಕೆಂದರೆ ನಾನು ಬರೆದ ಆ ಲಿಂಗ ಹೊಂದದ ವಾಕ್ಯ ನನ್ನ ಸೃಷ್ಟಿಯಾಗಿರಲಿಲ್ಲ. ಸುಮಾರು 3,500 ವರ್ಷಗಳ ಹಿಂದೆ ಹತ್ಶೆಪ್ಸುತ್ ತನ್ನ ಶಾಸನಗಳನ್ನು ಬರೆಸಿದ್ದು ಹಾಗೆಯೇ. ಕರ್ತೃ ಪುಲ್ಲಿಂಗದ ಪದವಿ, ಮುಂದಿನ ಮಾತು ಸ್ತ್ರೀಲಿಂಗ.

ಪದವಿಯ ಹೆಸರಿಲ್ಲದ ಪದವಿ

ಪ್ರಾಚೀನ ಲೋಕದಲ್ಲಿ ಅಧಿಕಾರಕ್ಕೇರಿದ ಹೆಂಗಸರ ಬಗ್ಗೆ ಓದುವಾಗ ನಮ್ಮ ಗಮನ ಸಾಮಾನ್ಯವಾಗಿ ಅರಮನೆಯ ಒಳಸಂಚು, ದಾಯಾದಿ ಕಲಹ, ಸೈನ್ಯದ ಬೆಂಬಲ ಇವುಗಳ ಕಡೆಗೆ ಹೋಗುತ್ತದೆ. ಅವೆಲ್ಲ ಇದ್ದವು, ನಿಜ. ಆದರೆ ಅವುಗಳಿಗೂ ಮೊದಲಿನ ಒಂದು ತೊಡಕು ಇತ್ತೆಂದು ನನಗೆ ಅನ್ನಿಸುತ್ತದೆ. ಆಕೆಯನ್ನು ಏನೆಂದು ಕರೆಯುವುದು? ನಾವು ಇಂದು "ರಾಣಿ" ಎನ್ನುವಾಗ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಪದದಲ್ಲಿ ಕಟ್ಟುತ್ತೇವೆ: ರಾಜನ ಹೆಂಡತಿಯೂ ರಾಣಿ, ಸ್ವತಃ ಸಿಂಹಾಸನದ ಮೇಲೆ ಕೂತವಳೂ ರಾಣಿ. ಈಜಿಪ್ಟಿನ ಭಾಷೆಯಲ್ಲಿ ಮೊದಲನೆಯವಳಿಗೆ ಮಾತ್ರ ಪದವಿತ್ತು, ಅದರ ಅರ್ಥವೂ ನೇರವಾಗಿ "ರಾಜನ ಪತ್ನಿ" ಎಂದೇ. "ರಾಜನ ತಾಯಿ" ಎಂಬುದಿತ್ತು, "ರಾಜನ ಮಗಳು" ಎಂಬುದಿತ್ತು. ಎಲ್ಲವೂ ಒಬ್ಬ ಗಂಡಸಿನಿಂದ ಅಳೆದ ದೂರಗಳು. ತಾನೇ ಆಳುವ ಹೆಂಗಸಿಗೆ ಆ ಭಾಷೆಯಲ್ಲಿ ಖಾಲಿ ಕುರ್ಚಿಯೂ ಇರಲಿಲ್ಲ. "ಫೇರೋ" ಎಂಬ ಪದವಾದರೂ ಮೂಲದಲ್ಲಿ "ದೊಡ್ಡ ಮನೆ" ಎಂಬ ಅರ್ಥದ್ದು, ನಮ್ಮ ಅರಮನೆಯ ಹಾಗೆ ಕಟ್ಟಡದ ಹೆಸರು. ಅದು ಆಳುವ ವ್ಯಕ್ತಿಯ ಹೆಸರಾಗಿ ಬಳಕೆಗೆ ಬರತೊಡಗಿದ್ದೇ ಹತ್ಶೆಪ್ಸುತ್ ಸೇರಿದ 18ನೆಯ ರಾಜವಂಶದ ಕಾಲದಲ್ಲಿ.

ಆಕೆಗೆ ಮೊದಲು ಯಾರೂ ಇರಲಿಲ್ಲವೆಂದಲ್ಲ. ಒಂದನೆಯ ರಾಜವಂಶದ ಕಾಲದಲ್ಲೇ, ಕ್ರಿ.ಪೂ. 3000ದ ಆಸುಪಾಸಿನಲ್ಲಿ, ಮೆರ್ನೈತ್ ಎಂಬವಳು ಮಗನ ಪರವಾಗಿ ಆಡಳಿತ ನಡೆಸಿದಳೆಂದು ತೋರುತ್ತದೆ. ಅಬಿಡೋಸಿನ ರಾಜರ ಸ್ಮಶಾನದಲ್ಲಿ ಆಕೆಯ ಸಮಾಧಿಯನ್ನು 1900ರಲ್ಲಿ ಅಗೆದು ತೆಗೆದ ಫ್ಲಿಂಡರ್ಸ್ ಪೆಟ್ರಿ, ಸಮಾಧಿಯ ಗಾತ್ರ ಮತ್ತು ಜಾಗವನ್ನು ನೋಡಿ ಇದು ಒಬ್ಬ ರಾಜನದೇ ಎಂದು ಭಾವಿಸಿದ್ದ. 12ನೆಯ ರಾಜವಂಶದ ಕೊನೆಯಲ್ಲಿ ಸೊಬೆಕ್‌ನೆಫೆರು ಸುಮಾರು 4 ವರ್ಷ ಆಳಿದಳು. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಆಕೆಯ ಒಂದು ಮುಂಡಶಿಲ್ಪವಿದೆ. ಹೆಂಗಸರು ತೊಡುವ ಉಡುಪಿನ ಮೇಲೆಯೇ ರಾಜನ ಸೊಂಟದುಡುಪನ್ನು ಕಟ್ಟಿಕೊಂಡಿರುವ ಶಿಲ್ಪ ಅದು. ಒಂದನ್ನು ಬಿಡಲಾಗದೆ ಇನ್ನೊಂದನ್ನು ತೊಟ್ಟವಳ ಚಿತ್ರ. ಆ ಉಡುಪನ್ನು ಕಂಡಾಗಲೆಲ್ಲ ನನಗೆ ಒಂದು ಸಂಯುಕ್ತಾಕ್ಷರ ನೆನಪಾಗುತ್ತದೆ, ಎರಡು ವ್ಯಂಜನಗಳು ಒಂದರ ಕೆಳಗೊಂದು ಕೂತ ಹಾಗೆ.

ಹತ್ಶೆಪ್ಸುತ್ ಕಥೆಯ ಹೊರರೇಖೆ ಓದುಗರಿಗೆ ಗೊತ್ತಿರುವುದೇ. ಒಂದನೆಯ ಥುಟ್ಮೋಸನ ಮಗಳು, ಮಲಸಹೋದರನಾದ ಎರಡನೆಯ ಥುಟ್ಮೋಸನ ಹೆಂಡತಿ. ಕ್ರಿ.ಪೂ. 1479ರ ಸುಮಾರಿಗೆ ಗಂಡ ತೀರಿಕೊಂಡಾಗ ಆಕೆಗೆ ಇದ್ದದ್ದು ನೆಫೆರುರೆ ಎಂಬ ಮಗಳು. ಪಟ್ಟಕ್ಕೆ ಬಂದದ್ದು ಇಸೆತ್ ಎಂಬ ಇನ್ನೊಬ್ಬಳ ಹೊಟ್ಟೆಯಲ್ಲಿ ಹುಟ್ಟಿದ ಮೂರನೆಯ ಥುಟ್ಮೋಸ್, ಇನ್ನೂ ಎಳೆಯ ಹುಡುಗ. ಆ ಹೊತ್ತಿನ ಸ್ಥಿತಿಯನ್ನು ಇನೆನಿ ಎಂಬ ಹಿರಿಯ ಅಧಿಕಾರಿ ತನ್ನ ಸಮಾಧಿಯ ಗೋಡೆಯಲ್ಲಿ ಬರೆಸಿದ್ದಾನೆ. ಮಗ ತಂದೆಯ ಜಾಗದಲ್ಲಿ ನಿಂತ, ಆದರೆ ನಾಡಿನ ವ್ಯವಹಾರಗಳನ್ನು ನಡೆಸಿದವಳು ದೇವಪತ್ನಿ ಹತ್ಶೆಪ್ಸುತ್, ಮೇಲಣ ಮತ್ತು ಕೆಳಗಣ ಈಜಿಪ್ಟೆಂಬ ಎರಡು ನಾಡುಗಳೂ ಆಕೆಯ ಆಲೋಚನೆಯಂತೆ ನಡೆದವು, ಈಜಿಪ್ಟ್ ತಲೆಬಾಗಿ ಆಕೆಗಾಗಿ ದುಡಿಯಿತು, ಎಂಬುದು ಅದರ ಸಾರ. ಆ ಶಾಸನದಲ್ಲಿ ಹೊಸ ರಾಜನ ಹೆಸರನ್ನು ಇನೆನಿ ಹೇಳುವುದೇ ಇಲ್ಲ. ಹೆಸರು ಹೇಳಿರುವುದು ಆಕೆಯದನ್ನು ಮಾತ್ರ. ಆದರೂ ಆಕೆಯ ಪದವಿ ಇನ್ನೂ "ಅಮುನ್ ದೇವರ ಪತ್ನಿ" ಎಂಬುದೇ. ಕೆಲಸ ರಾಜನದು, ಹೆಸರು ಮಾತ್ರ ಇನ್ನಾರದೋ ಹೆಂಡತಿಯದು. ಇಂಥ ಸ್ಥಿತಿಯನ್ನು ನಾವು ಕಾಣದವರಲ್ಲ. ಮಹಿಳಾ ಮೀಸಲಾತಿ ಬಂದ ಹೊಸತರಲ್ಲಿ ಎಷ್ಟೋ ಪಂಚಾಯಿತಿಗಳಲ್ಲಿ ಇದು ತಿರುವುಮುರುವಾಗಿ ನಡೆಯಿತು: ಹೆಸರು ಆಕೆಯದು, ಕುರ್ಚಿಯ ಮೇಲಿನ ಮಾತು ಗಂಡನದು.

ಮೂರನೆಯ ಥುಟ್ಮೋಸನ ಆಳ್ವಿಕೆಯ ಏಳನೆಯ ವರ್ಷದ ಹೊತ್ತಿಗೆ ಏನೋ ಬದಲಾಗಿತ್ತು. ಅದಕ್ಕೆ ಸಾಕ್ಷಿ ಸಿಕ್ಕಿದ್ದು ಯಾವ ದೇವಾಲಯದಲ್ಲೂ ಅಲ್ಲ, ಒಂದು ಸಣ್ಣ ಸಮಾಧಿಯಲ್ಲಿ. ಆಕೆಯ ಆಪ್ತ ಅಧಿಕಾರಿ ಸೆನೆನ್ಮುತ್‌ನ ತಂದೆ ತಾಯಿಯರನ್ನು ಹೂಳಿದ್ದ ಕೋಣೆ 1930ರ ದಶಕದಲ್ಲಿ ಪತ್ತೆಯಾಯಿತು. ಅಲ್ಲಿದ್ದ ಜಾಡಿಗಳಲ್ಲಿ ಒಂದರ ಮೇಲೆ 7ನೆಯ ವರ್ಷದ ಉಲ್ಲೇಖವಿತ್ತು. ಅದೇ ಕೋಣೆಯ ಬೇರೆ ಜಾಡಿಗಳ ಮಣ್ಣಿನ ಮುದ್ರೆಗಳಲ್ಲಿ ಒಂದರಲ್ಲಿ "ದೇವಪತ್ನಿ ಹತ್ಶೆಪ್ಸುತ್" ಎಂದಿದ್ದರೆ, ಇನ್ನೊಂದರಲ್ಲಿ "ಕಲ್ಯಾಣಮಯಿ ದೇವಿ ಮಾತ್ಕರೆ" ಎಂದಿತ್ತು. ಮಾತ್ಕರೆ ಎಂಬುದು ಆಕೆ ಪಟ್ಟವೇರಿದಾಗ ತೆಗೆದುಕೊಂಡ ಹೆಸರು. ಗಮನಿಸಬೇಕಾದದ್ದು ಅದರ ಹಿಂದಿನ ಬಿರುದನ್ನು. "ಕಲ್ಯಾಣಮಯ ದೇವ" ಎಂಬುದು ಪ್ರತಿಯೊಬ್ಬ ರಾಜನಿಗೂ ಸಲ್ಲುತ್ತಿದ್ದ ಬಿರುದು. ಆಕೆ ಅದನ್ನೇ ತೆಗೆದುಕೊಂಡು ಕೊನೆಗೆ ಒಂದು ಸ್ತ್ರೀಪ್ರತ್ಯಯ ಸೇರಿಸಿದಳು. ಹಸಿ ಮಣ್ಣಿನ ಮೇಲೆ ಒತ್ತಿದ, ಹೆಬ್ಬೆರಳಿನಷ್ಟು ಅಗಲದ ಗುರುತು. ತುಪ್ಪವೋ ದ್ರಾಕ್ಷಾರಸವೋ ತುಂಬಿದ ಜಾಡಿಯ ಬಾಯಿಗೆ ಮುದ್ರೆ ಒತ್ತಿದ ಕೈಗೆ ಅದರ ಮಹತ್ವ ತಿಳಿದಿತ್ತೋ ಇಲ್ಲವೋ.

ಒಂದು ರೊಟ್ಟಿಯ ಗುರುತು

ಆ ಲೇಖನ ಅಚ್ಚಾದ ಮುಂದಿನ ಚಳಿಗಾಲದಲ್ಲಿ ನಾನೂ ನನ್ನ ಅಕ್ಕನೂ ಒಂದು ಪ್ರವಾಸಿ ತಂಡದ ಜೊತೆ ಈಜಿಪ್ಟಿಗೆ ಹೋದೆವು. ಲಕ್ಸರಿನ ಕಾರ್ನಾಕ್ ದೇವಾಲಯದಲ್ಲಿ ನಮ್ಮನ್ನು ಸುತ್ತಾಡಿಸಿದವಳು ಪುರಾತತ್ತ್ವ ಓದಿದ್ದ ಸ್ಥಳೀಯ ಯುವತಿ. ಉಳಿದವರು ಫೋಟೋ ತೆಗೆದುಕೊಳ್ಳುತ್ತಿದ್ದಾಗ ನಾನು ಅವಳಿಗೆ ನನ್ನ ಕರಡಚ್ಚಿನ ಕಥೆಯನ್ನು ಹೇಳಿದೆ. ಅವಳು ನನ್ನ ಟಿಪ್ಪಣಿ ಪುಸ್ತಕವನ್ನು ಕೇಳಿ ಪಡೆದು, ಒಂದು ಬಾತುಕೋಳಿಯನ್ನೂ ಅದರ ಪಕ್ಕದಲ್ಲಿ ಸೂರ್ಯನ ಬಿಂಬವನ್ನೂ ಬರೆದಳು. ಬಾತುಕೋಳಿ ಎಂದರೆ "ಮಗ". ಸೂರ್ಯನ ಬಿಂಬ ರಾ ದೇವರು. ಒಟ್ಟಾಗಿ "ರಾ ದೇವರ ಮಗ", ರಾಜರ ಬಿರುದು. ಆಮೇಲೆ ಬಾತುಕೋಳಿಯ ಬೆನ್ನ ಬಳಿ ಪುಟ್ಟದೊಂದು ಅರ್ಧವೃತ್ತವನ್ನು ಬರೆದಳು, ಕವುಚಿಟ್ಟ ಬಟ್ಟಲಿನಂಥದ್ದು. ಅದು ಉಬ್ಬಿದ ರೊಟ್ಟಿಯ ಚಿತ್ರವಂತೆ, "ತ" ಎಂಬ ಧ್ವನಿಯ ಗುರುತು. ಆ ಭಾಷೆಯ ಸ್ತ್ರೀಪ್ರತ್ಯಯವೂ ಅದೇ. ರೊಟ್ಟಿ ಸೇರಿದರೆ "ರಾ ದೇವರ ಮಗಳು". ನಾನು ಆ ಹಾಳೆಯನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ಬಾಲ್‌ಪೆನ್ನಿನ ನೀಲಿ ಶಾಯಿಯ ಬಾತುಕೋಳಿ, ಅದರ ಬಳಿ ಒಂದು ತುಣುಕು ರೊಟ್ಟಿ.

ಹತ್ಶೆಪ್ಸುತ್ ಆ ರೊಟ್ಟಿಯ ಗುರುತನ್ನು ತನ್ನ ಬಿರುದಾವಳಿಯಲ್ಲಿ ಎಲ್ಲೆಲ್ಲಿ ಇರಿಸಿದಳು, ಎಲ್ಲೆಲ್ಲಿ ಇರಿಸಲಿಲ್ಲ ಎಂಬುದನ್ನು ನೋಡುವುದೇ ಒಂದು ಪಾಠ. "ಮೇಲಣ ಮತ್ತು ಕೆಳಗಣ ಈಜಿಪ್ಟಿನ ರಾಜ" ಎಂಬ ಮುಖ್ಯ ಬಿರುದನ್ನು ಆಕೆ ಹಿಂದಿನವರ ಹಾಗೆಯೇ ತೆಗೆದುಕೊಂಡಳು, ಅದರಲ್ಲಿ ರಾಜಿಯಿಲ್ಲ. ಆದರೆ ಆ ವಂಶದ ರಾಜರು ತಮ್ಮ ಬಿರುದಿನ ಮೊದಲಿಗೆ ಹಾಕಿಕೊಳ್ಳುತ್ತಿದ್ದ "ಬಲಿಷ್ಠ ಗೂಳಿ" ಎಂಬ ವಿಶೇಷಣವನ್ನು ಕೈಬಿಟ್ಟಳು. ಅದು ತನಗೆ ಒಪ್ಪುವುದಿಲ್ಲವೆಂದು ಆಕೆಗೆ ಗೊತ್ತಿತ್ತು, ಒಪ್ಪುತ್ತದೆಂದು ನಟಿಸಲೂ ಇಲ್ಲ. "ಎರಡು ನಾಡುಗಳ ಒಡೆಯ" ಎಂಬುದು ಕೆಲವೆಡೆ "ಒಡತಿ" ಎಂದಾಯಿತು. ಹತ್ಶೆಪ್ಸುತ್ ಎಂಬ ಹುಟ್ಟುಹೆಸರಿನ ಅರ್ಥ "ಕುಲೀನ ಸ್ತ್ರೀಯರಲ್ಲಿ ಅಗ್ರಗಣ್ಯೆ" ಎಂದು. ಗಂಡಸಿನ ವೇಷದಲ್ಲಿ ಜನರನ್ನು ನಂಬಿಸಲು ಹೊರಟವಳಾಗಿದ್ದರೆ ಮೊದಲು ಬಿಡಬೇಕಾಗಿದ್ದದ್ದು ಆ ಹೆಸರನ್ನು. ಆಕೆ ಅದನ್ನು ಬಿಡಲಿಲ್ಲ. ಬದಲಿಗೆ ರಾಜಮುದ್ರಿಕೆಯ ಅಂಡಾಕಾರದ ರೇಖೆಯೊಳಗೆ ಬರೆಸಿದಳು.

ಚಿತ್ರಗಳ ಮಾತು ಬೇರೆ. ಆರಂಭದ ಶಿಲ್ಪಗಳಲ್ಲಿ ತೆಳುವಾದ ಸ್ತ್ರೀದೇಹಕ್ಕೆ ರಾಜನ ತಲೆಯುಡುಪು ಇದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ ಬಿಳಿಯ ಸುಣ್ಣಕಲ್ಲಿನ ಕುಳಿತ ವಿಗ್ರಹ ಅಂಥದ್ದು. ವರ್ಷಗಳು ಕಳೆದಂತೆ ಎದೆ ಅಗಲವಾಗುತ್ತದೆ, ಕಟ್ಟುಗಡ್ಡ ಬರುತ್ತದೆ, ದೇಹ ಪೂರ್ತಿ ರಾಜನದಾಗುತ್ತದೆ. ಇದನ್ನು ವೇಷಧಾರಣೆ ಎಂದು ಬರೆಯುವವರನ್ನು ನಾನು ಬಹಳ ಓದಿದ್ದೇನೆ, ಒಪ್ಪಲು ಆಗುವುದಿಲ್ಲ. ಕಟ್ಟುಗಡ್ಡವನ್ನು ಗಂಡುರಾಜರೂ ದಾರ ಹಾಕಿ ಕಟ್ಟಿಕೊಳ್ಳುತ್ತಿದ್ದರು, ಅದು ಕಿರೀಟದ ಹಾಗೆ ಪದವಿಯ ಲಾಂಛನ. ಯಕ್ಷಗಾನದಲ್ಲಿ ಕೇದಗೆ ಮುಂದಲೆ ಕಟ್ಟಿಕೊಂಡವನನ್ನು ನೋಡಿ ಅವನ ಕೂದಲೇ ಹಾಗಿದೆಯೆಂದು ಯಾರೂ ತಿಳಿಯುವುದಿಲ್ಲ. ಕಲ್ಲಿನ ದೇಹ ರಾಜಪದವಿಯ ಚಿತ್ರ, ಪಕ್ಕದ ಬರಹ ಆ ಪದವಿಯಲ್ಲಿದ್ದ ವ್ಯಕ್ತಿಯ ಪರಿಚಯ. ದೇರ್ ಎಲ್ ಬಹ್ರಿಯಲ್ಲಿ ಆಕೆ ಕಟ್ಟಿಸಿದ ದೇವಾಲಯದ ನಡುವಣ ಅಂತಸ್ತಿನಲ್ಲಿ ಆಕೆಯ ಜನನದ ದೃಶ್ಯಗಳಿವೆ. ಅಲ್ಲಿ ಖ್ನುಮ್ ದೇವರು ಕುಂಬಾರನ ತಿಗರಿಯ ಮೇಲೆ ಶಿಶುವನ್ನು ರೂಪಿಸುತ್ತಾನೆ. ತಿಗರಿಯ ಮೇಲಿರುವುದು ಗಂಡುಮಗುವಿನ ಆಕೃತಿ. ಆದರೆ ಆ ಮಗುವನ್ನು ಉದ್ದೇಶಿಸಿ ದೇವರು ಆಡುವ ಮಾತು ಸ್ತ್ರೀಲಿಂಗದಲ್ಲಿದೆ. ಕೆತ್ತಿದವನಿಗೂ ಬರೆದವನಿಗೂ ಮಾತುಕತೆ ತಪ್ಪಿಹೋಗಿ ಆದ ಪ್ರಮಾದವೆಂದು ಇದನ್ನು ತಿಳಿಯಲು ಸಾಧ್ಯವೇ ಇಲ್ಲ, ಅಷ್ಟು ಪಟ್ಟುಹಿಡಿದು ಎಲ್ಲ ಕಡೆಯೂ ಹೀಗೆಯೇ ನಡೆದಿದೆ.

ಕಾರ್ನಾಕಿನಲ್ಲಿ ಇಂದಿಗೂ ನಿಂತಿರುವ ಆಕೆಯ ಏಕಶಿಲಾ ಸ್ತಂಭದ ಎತ್ತರ ಸುಮಾರು 30 ಮೀಟರ್, ತೂಕ 300 ಟನ್ನಿಗೂ ಹೆಚ್ಚು. ಅಸ್ವಾನಿನ ಕೆಂಪು ಗ್ರಾನೈಟಿನ ಒಂದೇ ಬಂಡೆ. ಗಣಿಯಲ್ಲಿ ಕೆಲಸ ಶುರುವಾದದ್ದರಿಂದ ಮುಗಿಯುವವರೆಗೆ 7 ತಿಂಗಳು ಹಿಡಿಯಿತೆಂದು ಅದರ ಪೀಠದ ಶಾಸನವೇ ತಿಂಗಳು ದಿನಗಳನ್ನು ಹೆಸರಿಸಿ ಹೇಳುತ್ತದೆ. ಆ ಸ್ತಂಭದ ಮೇಲಿನ ಬರಹದ ಕ್ರಮವನ್ನು ನಮ್ಮ ಮಾರ್ಗದರ್ಶಿ ಓದಿ ಹೇಳಿದಳು: ಮೊದಲು ರಾಜನ ಬಿರುದುಗಳು, ಆಮೇಲೆ ಮಾತ್ಕರೆ ಎಂಬ ಹೆಸರು, ತಕ್ಷಣ "ಆಕೆ ಇದನ್ನು ತನ್ನ ತಂದೆ ಅಮುನನಿಗಾಗಿ ಸ್ಮಾರಕವಾಗಿ ಮಾಡಿಸಿದಳು". ರಾಜ ಮಾಡಿಸಿದಳು. ಅದನ್ನು ಕೇಳಿದಾಗ ನನ್ನ ಕರಡಚ್ಚಿನ ಕೆಂಪು ಗೀಟು ಕಣ್ಣ ಮುಂದೆ ಬಂತು. ಪೀಠದ ಶಾಸನದಲ್ಲಿ ಇನ್ನೂ ಒಂದು ಮಾತಿದೆ. ಮುಂದಿನ ವರ್ಷಗಳಲ್ಲಿ ನನ್ನ ಸ್ಮಾರಕಗಳನ್ನು ನೋಡುವವರು ನಾನು ಮಾಡಿದ್ದರ ಬಗ್ಗೆ ಏನು ಹೇಳಿಯಾರು ಎಂದು ನೆನೆದು ನನ್ನ ಹೃದಯ ಅತ್ತಿತ್ತ ಹೊಯ್ದಾಡುತ್ತಿದೆ, ಎಂದು ಆಕೆ ಹೇಳಿಕೊಳ್ಳುತ್ತಾಳೆ. ರಾಜಶಾಸನಗಳಲ್ಲಿ ಗರ್ವದ ಮಾತುಗಳು ಹೇರಳ. ಹೊಯ್ದಾಟದ ಮಾತನ್ನು ಗ್ರಾನೈಟಿನಲ್ಲಿ ಕೆತ್ತಿಸಿದವರು ಎಷ್ಟು ಜನ ಇದ್ದಾರು?

ಬಯಲಿಗೆ ಅಭಿಷೇಕ

ಆ ಸ್ತಂಭಕ್ಕೆ ಸ್ವಲ್ಪ ದೂರದಲ್ಲಿ, ಗರ್ಭಗೃಹದ ಪಕ್ಕದ ಗೋಡೆಯೊಂದರಲ್ಲಿ, ನಾನು ಮರೆಯಲಾರದ ಒಂದು ದೃಶ್ಯವಿದೆ. ಎಡಬಲಗಳಲ್ಲಿ ಇಬ್ಬರು ದೇವರು ನಿಂತಿದ್ದಾರೆ. ಒಬ್ಬ ಗಿಡುಗನ ಮುಖದ ಹೋರಸ್, ಇನ್ನೊಬ್ಬ ಉದ್ದ ಕೊಕ್ಕಿನ ಹಕ್ಕಿಯ ಮುಖದ ಥೋತ್. ಇಬ್ಬರೂ ಎತ್ತಿಹಿಡಿದ ಕಲಶಗಳಿಂದ ನೀರು ಸುರಿಯುತ್ತಿದ್ದಾರೆ. ನೀರಿನ ಧಾರೆಯನ್ನು ಶಿಲ್ಪಿಗಳು ಜೀವಚಿಹ್ನೆಗಳ ಸರಪಳಿಯಾಗಿ ಬಿಡಿಸಿದ್ದಾರೆ, ಒಂದರ ಕೆಳಗೊಂದು ಇಳಿಯುವ ಪುಟ್ಟ ಪುಟ್ಟ ಅಂಖ್‌ಗಳು. ಪಟ್ಟಾಭಿಷೇಕಕ್ಕೆ ಮುಂಚಿನ ಶುದ್ಧಿಸ್ನಾನ ಅದು. ನಮ್ಮ ಕಣ್ಣಿಗೆ ಥಟ್ಟನೆ ಅಭಿಷೇಕವೆಂದು ಗುರುತು ಸಿಗುತ್ತದೆ. ಎರಡು ಧಾರೆಗಳ ನಡುವೆ ಹತ್ಶೆಪ್ಸುತ್ ನಿಂತಿರಬೇಕಾದಲ್ಲಿ ಯಾರೂ ಇಲ್ಲ. ಉಳಿಯ ಏಟುಗಳು ಮಾತ್ರ ಇವೆ, ಒತ್ತೊತ್ತಾಗಿ, ಆಕೃತಿಯ ಅಂಚಿನವರೆಗೂ. ದೇವರುಗಳನ್ನು ಮುಟ್ಟಿಲ್ಲ, ನೀರಿನ ಧಾರೆಯನ್ನು ಮುಟ್ಟಿಲ್ಲ. ಕೆತ್ತಿ ತೆಗೆದವನು ಎಷ್ಟು ಎಚ್ಚರದಿಂದ ಕೆಲಸ ಮಾಡಿದ್ದಾನೆಂದರೆ, ತೆಗೆದ ಜಾಗವೇ ಆಕೆಯ ಆಕಾರದಲ್ಲಿ ಉಳಿದುಬಿಟ್ಟಿದೆ. ಭುಜದ ಬಾಗು ತಿಳಿಯುತ್ತದೆ. ಅಕ್ಕ ನನ್ನ ಪಕ್ಕಕ್ಕೆ ಬಂದು ನಿಂತು, ಬಹಳ ಹೊತ್ತು ನೋಡಿ, "ನೀರು ಹಾಕೋದು ಮಾತ್ರ ನಿಂತಿಲ್ಲ ನೋಡೇ" ಎಂದಳು.

ಈ ಅಳಿಸುವಿಕೆಯನ್ನು ಬಹುಕಾಲ ಮಲಮಗನ ಸೇಡೆಂದು ವಿವರಿಸುತ್ತಿದ್ದರು. ಸಿಂಹಾಸನ ಕಸಿದ ಚಿಕ್ಕಮ್ಮ, ಹಲ್ಲು ಕಚ್ಚಿ ಕಾದ ರಾಜಕುಮಾರ, ಆಕೆ ಕಣ್ಣು ಮುಚ್ಚಿದ ಮರುದಿನವೇ ಸುತ್ತಿಗೆ ಹಿಡಿದ ಆಳುಗಳು. ಕಥೆಯಾಗಿ ಚೆನ್ನಾಗಿದೆ, ಆದರೆ ಲೆಕ್ಕ ಕೂಡುವುದಿಲ್ಲ. ಹತ್ಶೆಪ್ಸುತ್ ತೀರಿಕೊಂಡದ್ದು ಕ್ರಿ.ಪೂ. 1458ರ ಸುಮಾರಿಗೆ. ಆಕೆಯ ಹೆಸರನ್ನು ಅಳಿಸುವ ಕೆಲಸ ನಡೆದದ್ದು ಮೂರನೆಯ ಥುಟ್ಮೋಸನ ಆಳ್ವಿಕೆಯ ಕೊನೆಯ ಭಾಗದಲ್ಲಿ, 42ನೆಯ ವರ್ಷದ ಆಚೆಗೆ, ಎಂದರೆ ಸುಮಾರು 20 ವರ್ಷ ಕಳೆದ ಮೇಲೆ. ಸೇಡು 20 ವರ್ಷ ಕಾಯುವುದಿಲ್ಲ. ಅಲ್ಲದೆ ಆಕೆ ಆಳುತ್ತಿದ್ದ ಕಾಲದಲ್ಲಿ ಈತ ಸೆರೆಯಲ್ಲಿರಲಿಲ್ಲ. ಕಾರ್ನಾಕಿನಲ್ಲಿ ಆಕೆ ಕಟ್ಟಿಸಿದ ಕೆಂಪು ಕಲ್ಲಿನ ಗುಡಿಯ ಚಿತ್ರಗಳಲ್ಲಿ ಇಬ್ಬರೂ ರಾಜರಾಗಿ ಒಟ್ಟಿಗೆ ನಡೆಯುತ್ತಾರೆ, ಮುಂದೆ ಆಕೆ, ಹಿಂದೆ ಈತ. ಮಗ ಎರಡನೆಯ ಅಮೆನ್‌ಹೊಟೆಪನ ಪಟ್ಟಕ್ಕೆ ಯಾವ ತಕರಾರೂ ಬಾರದಿರಲೆಂದು ತಂದೆಯಿಂದ ಮಗನಿಗೆ ಇಳಿಯುವ ಗಂಡುಸಂತತಿಯ ಸಾಲನ್ನು ಅವನು ಕಲ್ಲಿನಲ್ಲಿ ನೇರಮಾಡಿದನೆಂಬ ವಿವರಣೆ ಇಂದು ಹೆಚ್ಚು ಒಪ್ಪಿತವಾಗಿದೆ. ನನಗೆ ಅದು ಸೇಡಿಗಿಂತ ಹೆಚ್ಚು ಎದೆ ನಡುಗಿಸುವ ಸಂಗತಿ. ಕೋಪದಲ್ಲಿ ಒಡೆಯುವ ಕೈಗೆ ಎದುರಿಗಿರುವವಳ ಮೇಲೆ ಒಂದು ಬಗೆಯ ಲಕ್ಷ್ಯವಾದರೂ ಇರುತ್ತದೆ. ಇಲ್ಲಿ ನಡೆದದ್ದು ಪಟ್ಟಿಯ ತಿದ್ದುಪಡಿ. ಮುಂದೆ ಅಬಿಡೋಸಿನಲ್ಲಿ ಸೇತಿ ರಾಜ ಕೆತ್ತಿಸಿದ ಪೂರ್ವರಾಜರ ಪಟ್ಟಿಯಲ್ಲಿ ಎರಡನೆಯ ಥುಟ್ಮೋಸನ ನಂತರ ನೇರವಾಗಿ ಮೂರನೆಯ ಥುಟ್ಮೋಸ್ ಬರುತ್ತಾನೆ. ಲಿಂಗ ಹೊಂದಿಕೊಂಡಿತು, ಸಾಲು ಸರಿಯಾಯಿತು.

ಆಕೆಯ ದೇವಾಲಯದ ಬಳಿಯ ಹಳ್ಳಗಳಲ್ಲಿ 1920ರ ದಶಕದಲ್ಲಿ ಮೆಟ್ರೊಪಾಲಿಟನ್ ಸಂಗ್ರಹಾಲಯದ ತಂಡ ಅಗೆದು ತೆಗೆದ ವಿಗ್ರಹಗಳ ಚೂರುಗಳ ಬಗ್ಗೆಯೂ ಈಚೆಗೆ ಮಾತು ಬದಲಾಗುತ್ತಿದೆ. 2025ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹಲವು ವಿಗ್ರಹಗಳು ಕುತ್ತಿಗೆ, ಸೊಂಟ ಮತ್ತು ಮೊಣಕಾಲಿನಲ್ಲಿ ಮುರಿದಿರುವುದನ್ನು ತೋರಿಸಿ, ಇದು ಬೇರೆ ರಾಜರ ವಿಗ್ರಹಗಳಿಗೂ ಮಾಡುತ್ತಿದ್ದ, ಮೂರ್ತಿಯ ಶಕ್ತಿಯನ್ನು ತಗ್ಗಿಸುವ ವಿಧಿಯ ಗುರುತಾಗಿರಬಹುದು ಎಂದು ವಾದಿಸಿತು. ಇದನ್ನು ಓದಿದಾಗ ನನಗೆ ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರದ ದಿನ ನೆನಪಾಯಿತು. ಗರ್ಭಗುಡಿಯ ಕಲ್ಲು ಕದಲಿಸುವ ಮೊದಲು ಕಳಾಕರ್ಷಣೆ ಮಾಡಿ, ದೇವರ ಕಳೆಯನ್ನು ಕುಂಭಕ್ಕೆ ಇಳಿಸಿ, ಆಮೇಲೆ ಆ ಮೂರ್ತಿಯನ್ನು ಬರಿಯ ಕಲ್ಲೆಂಬಂತೆ ಎತ್ತಿ ಪಕ್ಕಕ್ಕಿಟ್ಟರು. ನಿನ್ನೆಯವರೆಗೆ ಕೈಮುಗಿದ ಕಲ್ಲಿಗೆ ಹಗ್ಗ ಕಟ್ಟಿದವರ ಮುಖದಲ್ಲಿ ದ್ವೇಷವಿರಲಿಲ್ಲ, ಭಯವಿತ್ತು, ಗೌರವವೂ ಇತ್ತು. ವಿಗ್ರಹಗಳ ವಿಷಯದಲ್ಲಿ ನಾನು ಆ ವಾದವನ್ನು ನಂಬಲು ಸಿದ್ಧಳಿದ್ದೇನೆ. ಆದರೆ ಗೋಡೆಯ ಮೇಲಿನ ಹೆಸರುಗಳ ಮಾತು ಬೇರೆ. ಕಳೆಯನ್ನು ಇಳಿಸಲು ಹೆಸರನ್ನು ಕೆತ್ತಿ ತೆಗೆದು, ಆ ಜಾಗದಲ್ಲಿ ಅಪ್ಪನ ಹೆಸರನ್ನೋ ಗಂಡನ ಹೆಸರನ್ನೋ ಬರೆಯಬೇಕಾಗಿರಲಿಲ್ಲ.

ಹಾಗೆ ಬರೆದವರೇ ಆಕೆಯನ್ನು ಉಳಿಸಿದರೆನ್ನುವುದು ಈ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ. ಕಲ್ಕುಟಿಗರು ಹತ್ಶೆಪ್ಸುತ್ ಎಂಬ ಹೆಸರನ್ನು ತೆಗೆದರು, ಮಾತ್ಕರೆಯನ್ನು ತೆಗೆದರು, ಥುಟ್ಮೋಸ್ ಎಂದು ಬರೆದರು. ಹೆಸರಿನ ಸುತ್ತಲಿನ ವಾಕ್ಯವನ್ನು ಎಷ್ಟೋ ಕಡೆ ಹಾಗೆಯೇ ಬಿಟ್ಟರು. "ಆಕೆ" ಎಂಬ ಸರ್ವನಾಮ ಉಳಿಯಿತು. ರೊಟ್ಟಿಯ ಗುರುತುಗಳು ಉಳಿದವು. ಚಿತ್ರಲಿಪಿಯ ಗುಟ್ಟನ್ನು 1822ರಲ್ಲಿ ಬಿಡಿಸಿದ ಶಾಂಪೋಲಿಯೋಂ 1829ರಲ್ಲಿ ದೇರ್ ಎಲ್ ಬಹ್ರಿಗೆ ಬಂದಾಗ, ಗಡ್ಡವಿರುವ, ರಾಜನ ಉಡುಪಿನಲ್ಲಿರುವ ಆಕೃತಿಯೊಂದರ ಬಗ್ಗೆ ಬರೆಯುವಾಗಲೆಲ್ಲ ನಾಮಪದ ಕ್ರಿಯಾಪದಗಳು ಸ್ತ್ರೀಲಿಂಗದಲ್ಲಿರುವುದನ್ನು ಕಂಡು ಬೆರಗಾಗಿ ಬರೆದಿಟ್ಟ. ಆತನಿಗೆ ಅದರ ಉತ್ತರ ಪೂರ್ತಿ ಸಿಗಲಿಲ್ಲ, ಹೆಸರನ್ನೂ ಸರಿಯಾಗಿ ಓದಲಾಗಲಿಲ್ಲ. ಆದರೆ ಇಲ್ಲಿ ಲಿಂಗ ಹೊಂದುವುದಿಲ್ಲ ಎಂಬ ಟಿಪ್ಪಣಿಯನ್ನು ಮೊದಲು ಮಾಡಿಕೊಂಡವನು ಆತನೇ. ಆತ ಅದನ್ನು ತಿದ್ದಲಿಲ್ಲ. ಬರೆದಿಟ್ಟುಕೊಂಡ. ಮುಂದಿನವರು ಆ ಹೊಂದದ ವ್ಯಾಕರಣದ ಎಳೆಯನ್ನೇ ಹಿಡಿದು ಆಕೆಯ ಬಳಿಗೆ ಹೋದರು.

ನಮ್ಮ ಮಾತಿನಲ್ಲಿ

ಕನ್ನಡಕ್ಕೆ ಈ ತೊಡಕು ಹೊಸದೇನಲ್ಲ. ನಮ್ಮ ಹಳೆಯ ಶಾಸನಗಳ ವಾಡಿಕೆಯ ಒಕ್ಕಣೆಯಾದ "ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಮಿರೆ" ಎಂಬಲ್ಲಿ ಕ್ರಿಯೆಗೆ ಲಿಂಗವೇ ಇಲ್ಲ. "ಇರೆ" ಎಂದರೆ ಇರಲಾಗಿ, ಇದ್ದವನೋ ಇದ್ದವಳೋ ಅದು ಕೇಳುವುದಿಲ್ಲ. 11ನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತು ಎಂಬ ಸೀಮೆಯನ್ನು ಆಳಿದ ಅಕ್ಕಾದೇವಿ, ಕಲ್ಯಾಣ ಚಾಲುಕ್ಯರ ಜಯಸಿಂಹನ ಸೋದರಿ, ಗದಗ ಸೀಮೆಯ ಸೂಡಿಯ ಶಾಸನಗಳಿಂದ ನಮಗೆ ಗೊತ್ತು. ಆಕೆಯ ಬಿರುದು "ಗುಣದ ಬೆಡಂಗಿ". ಆಕೆಯ ದೊಡ್ಡಪ್ಪ ಸತ್ಯಾಶ್ರಯನ ಬಿರುದು "ಇಱಿವ ಬೆಡಂಗ". ಮನೆತನದ ಗಂಡಸರ ಬಿರುದಿನ ಮಾತನ್ನೇ ತೆಗೆದುಕೊಂಡು ಕೊನೆಯ ಅಕಾರವನ್ನು ಇಕಾರ ಮಾಡಿದ್ದಾರೆ. ಹತ್ಶೆಪ್ಸುತ್ ರೊಟ್ಟಿ ಇಟ್ಟಲ್ಲಿ ಸೂಡಿಯ ಲಿಪಿಕಾರ ಒಂದು ಗುಡಿಸು ಇಟ್ಟ. ಈ ಇಬ್ಬರಿಗೂ ಯಾವ ಸಂಬಂಧವೂ ಇಲ್ಲ, ಎರಡೂವರೆ ಸಾವಿರ ವರ್ಷಗಳ ಅಂತರವಿದೆ. ಆದರೂ ಇಲ್ಲದ ಪದವನ್ನು ಇರುವ ಪದದಿಂದ ಹೊರಡಿಸಿಕೊಳ್ಳುವ ಆ ಚಿಕ್ಕ ಕೈಚಳಕ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಇಂದು ನಾವು "ರಾಷ್ಟ್ರಪತಿ ದ್ರೌಪದಿ ಮುರ್ಮು ಹೇಳಿದರು" ಎಂದು ಬರೆಯುತ್ತೇವೆ. "ಪತಿ"ಯನ್ನು ಹಾಗೆಯೇ ಬಿಟ್ಟು, ಗೌರವದ "ಅರು" ಸೇರಿಸಿ ದಾಟಿಬಿಡುತ್ತೇವೆ. ಬಹುವಚನ ನಮಗೆ ಒದಗಿ ಬಂದ ಸೇತುವೆ. ನನ್ನ ವಾಕ್ಯದಲ್ಲೂ "ಆಳಿದರು" ಎಂದು ಬರೆದಿದ್ದರೆ ಕೆಂಪು ಗೀಟು ಬೀಳುತ್ತಿರಲಿಲ್ಲ. ಆದರೆ ಆಗ ಆ ರೊಟ್ಟಿಯೂ ಕಾಣುತ್ತಿರಲಿಲ್ಲ.

ಊರಿಗೆ ಮರಳಿದ ಮೇಲೆ, ಕರಡು ತಿದ್ದುವ ಹಿರಿಯರನ್ನು ನೋಡಲು ಅವರ ಮನೆಗೆ ಹೋಗಿದ್ದೆ. ಟಿಪ್ಪಣಿ ಪುಸ್ತಕದ ಆ ಹಾಳೆಯನ್ನು ಅವರ ಮುಂದಿಟ್ಟು ಬಾತುಕೋಳಿ, ಸೂರ್ಯ, ರೊಟ್ಟಿಗಳ ಅರ್ಥವನ್ನು ಹೇಳಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ರೊಟ್ಟಿಯ ಗುರುತನ್ನು ಬೆರಳಿನಿಂದ ಮುಚ್ಚಿ ನೋಡಿದರು, ಬೆರಳು ತೆಗೆದು ನೋಡಿದರು. "ಪ್ರತ್ಯಯ" ಎಂದರು. ಇನ್ನೇನೂ ಹೇಳಲಿಲ್ಲ. ಕಾಫಿ ಬಂತು, ಮಾತು ಬೇರೆ ಕಡೆಗೆ ಹೋಯಿತು.

ಹೋದ ವರ್ಷ ಆ ಪತ್ರಿಕೆಯವರು ಹಳೆಯ ಲೇಖನಗಳನ್ನು ಸೇರಿಸಿ ಒಂದು ಪುಸ್ತಕ ಮಾಡಿದರು. ನನ್ನ ಲೇಖನದಲ್ಲಿ ಆ ವಾಕ್ಯವನ್ನು ನಾನು ಮತ್ತೆ ಮೊದಲಿನಂತೆ ಬರೆದು ಕಳಿಸಿದೆ. ಕರಡಚ್ಚು ಬಂದಾಗ "ರಾಜ" ಎಂಬ ಪದದ ಮೇಲೆ, ಅಭ್ಯಾಸಬಲದಿಂದ ಎಳೆದದ್ದೇನೋ, ಅರ್ಧಕ್ಕೆ ನಿಂತ ಒಂದು ಕೆಂಪು ಗೀಟು ಇತ್ತು. ಅದರ ಕೆಳಗೆ ಸಾಲಾಗಿ ಚುಕ್ಕಿಗಳನ್ನು ಇಟ್ಟು, ಅಂಚಿನಲ್ಲಿ ಅದೇ ದುಂಡನೆಯ ಅಕ್ಷರದಲ್ಲಿ ಬರೆದಿದ್ದರು: "ಇರಲಿ."